ಮಹದೇವಯ್ಯನ ಸುಣ್ಣದ ಗೆರೆ

ನಂಜನಗೂಡಿನ ರೈಲ್ವೆ ಗೇಟಿನ ಹತ್ತಿರ ನನ್ನದೊಂದು ಬಿಡಿಭಾಗಗಳ ಅಂಗಡಿ ಇತ್ತು. ಪಕ್ಕದಲ್ಲೇ ಮಹದೇವಯ್ಯನ ಗ್ಯಾರೇಜು. ಮೆಕ್ಯಾನಿಕ್ಕಿನ ಪಕ್ಕದಲ್ಲಿ ಅಂಗಡಿ ಇಟ್ಟರೆ ವ್ಯಾಪಾರ ಜೋರಾಗಿ ನಡೆಯುತ್ತದೆ ಎಂದು ನನಗೆ ಬುದ್ಧಿ ಹೇಳಿದ ಪುಣ್ಯಾತ್ಮ ಈಗ ಕೈಗೆ ಸಿಕ್ಕರೆ ನಾಲ್ಕು ಮಾತು ಕೇಳುವುದಿದೆ. ಹದಿನಾಲ್ಕು ವರ್ಷ ಮಹದೇವಯ್ಯ ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದ. ಬಂದದ್ದು ಪೇಪರ್ ಓದುವುದಕ್ಕೆ. ಒಂದು ಹೊಸ ಸಾಮಾನಾದರೂ ತಗೊಳ್ಳಯ್ಯ ಎಂದರೆ, “ಅಳೇದ್ರಲ್ಲೇ ಇನ್ನೂ ಜೀವ ಅದೆ ಕಣ್ಲಾ ಗುರುಪ್ರಸಾದಾ” ಎಂದು ಎಲೆ ಅಡಿಕೆ ಜಗಿಯುತ್ತಾ ಎದ್ದು ಹೋಗುತ್ತಿದ್ದ. ಪೇಪರಿನ ಅಂಚಿಗೆ ಸುಣ್ಣದ ಬೆರಳಿನ ಗುರುತು ಉಳಿಯುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಆದರೆ ಕೆಲಸದಲ್ಲಿ ಅವನನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇರಲಿಲ್ಲ, ಅದನ್ನು ಒಪ್ಪಲೇಬೇಕು. ಹುಟ್ಟೂರು ಬನ್ನೂರಿನ ಕಡೆ. ಟ್ರ್ಯಾಕ್ಟರ್ ರಿಪೇರಿ ಕಲಿತು, ಮದುವೆಯಾಗಿ, ಹೆಂಡತಿ ಪಾಪಮ್ಮನನ್ನು ಕಟ್ಟಿಕೊಂಡು ಇಲ್ಲಿಗೆ ಬಂದವನು. ಕಾರು ತಂದವರನ್ನು ಅವನು ಏನಾಗಿದೆ ಎಂದು ಕೇಳುತ್ತಿರಲಿಲ್ಲ. “ನೀವ್ ಸುಮ್ಕಿರಿ ಸಾ” ಎಂದು ಮಾಲೀಕನ ಬಾಯಿ ಮುಚ್ಚಿಸಿ, ಹಿಂದಿನ ಸೀಟಿನಲ್ಲಿ ಕೂತು ಬಂದವರನ್ನು ವಿಚಾರಿಸುತ್ತಿದ್ದ. ಓಡಿಸುವವನಿಗೆ ಕಾರಿನ ಮೇಲೆ ಮೋಹ, ಅವನು ನಿಜ ಹೇಳುವುದಿಲ್ಲ ಎಂಬುದು ಅವನ ವಾದ. ಬಿಚ್ಚುವ ಮುಂಚೆ ಎರಡು ತುಂಡು ಸೇರುವ ಕಡೆ ಸೊಂಟದ ಡಬ್ಬಿಯಿಂದ ಸುಣ್ಣ ತೆಗೆದು ಬೆರಳಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಮತ್ತೆ ಜೋಡಿಸುವಾಗ ಗೆರೆಗೆ ಗೆರೆ ಕೂಡಬೇಕು. ಬಿಳಿ ಗೆರೆ ಕಂಡರೆ ಅದು ಮಹದೇವಯ್ಯ ಮುಟ್ಟಿದ ಗಾಡಿ ಎಂದು ಊರಿಗೆಲ್ಲ ಗೊತ್ತಿತ್ತು.

ಇಂಥವನು ತೊಂಬತ್ತೇಳರಲ್ಲಿ ಒಂದು ಹಳೆಯ ಅಂಬಾಸಿಡರ್ ಕೊಂಡ. ಇಪ್ಪತ್ತು ವರ್ಷ ಯಾರೋ ಬೆಲ್ಲದ ಪಿಂಡಿ ಹೇರಿ ಹೇರಿ ಸುಸ್ತು ಮಾಡಿದ್ದ ಗಾಡಿ. ಮಗಳು ಸಂಘಮಿತ್ರಾಳ ಮದುವೆಯಲ್ಲಿ ಬೀಗರೆದುರು ನಿಂತು, “ಬಾಣಂತನಕ್ಕೆ ನನ್ ಮಗ್ಳುನ್ನ ನನ್ ಸ್ವಂತ ಕಾರಲ್ಲೇ ಕರ್ಕೊಂಡ್ ಓಯ್ತೀನಿ” ಎಂದು ಜಂಬ ಕೊಚ್ಚಿಯೂ ಬಿಟ್ಟ. ಆ ಕಾರು ಐವತ್ತರ ವೇಗ ದಾಟಿದರೆ ಗಡಗಡ ನಡುಗುತ್ತಿತ್ತು. ಅದು ಊರಿಗೆಲ್ಲ ಗೊತ್ತಿದ್ದರೂ ಅವನಿಗೊಬ್ಬನಿಗೆ ಗೊತ್ತಿರಲಿಲ್ಲ. ಓಡಿಸುವವನು ಅವನೇ ಅಲ್ಲವೇ!

ಗೊತ್ತು ಮಾಡಿಸಿದ್ದು ಬೀಗಿತ್ತಿ ಚನ್ನಾಜಮ್ಮ. ಟಿ. ನರಸೀಪುರದವರು, ಅಳಿಯ ನಾಗೇಂದ್ರನ ತಾಯಿ. ಒಮ್ಮೆ ಹಿಂದಿನ ಸೀಟಿನಲ್ಲಿ ಕೂತು ನರಸೀಪುರದಿಂದ ನಂಜನಗೂಡಿಗೆ ಬಂದವರು, ಇಳಿದಾಗ ಸೀಟಿನ ತುಂಬ ಅವರ ಎಲೆ ಅಡಿಕೆ ಚೀಲದ ಅಡಿಕೆ ಚೆಲ್ಲಿತ್ತು. ಆಗ ಏನೂ ಹೇಳಲಿಲ್ಲ. ಮುಂದಿನ ವರ್ಷ, ಸಂಘಮಿತ್ರಾಳಿಗೆ ಏಳು ತಿಂಗಳು ನಡೆಯುತ್ತಿದ್ದಾಗ, ಕರೆಯಲು ಹೋದ ಗಂಡ ಹೆಂಡತಿಗೆ ಕಾಫಿ ಕೊಟ್ಟು ಖಡಾಖಂಡಿತವಾಗಿ ಹೇಳಿದರು.

“ಆ ಗಡಗಡ ಕಾರಲ್ಲಿ ಬಸರಿ ಹೆಂಗಸನ್ನ ಕಳ್ಸಕ್ಕಾಯ್ತದಾ ಬೀಗ್ರೇ? ಬಸ್ಸೂ ಬ್ಯಾಡ, ಬಾಡಿಗೆ ಕಾರೂ ಬ್ಯಾಡ, ಕಂಡೋರ ಡ್ರೈವರ್ರು ಹೆಂಗ್ ಓಡಿಸ್ತಾನೋ ಏನೋ. ಎಂಟಕ್ಕೆ ಬಿದ್ರೆ ನಾನು ಕಳ್ಸಲ್ಲ. ಬರೋ ಭಾನುವಾರದೊಳ್ಗೆ ಕಾರು ಸರಿಮಾಡ್ಕೊಂಡ್ ಬನ್ನಿ. ಇಲ್ದಿದ್ರೆ ಬಾಣಂತನ ಇಲ್ಲೇ, ನಾನೇ ಮಾಡ್ತೀನಿ.”

ಚೊಚ್ಚಲ ಹೆರಿಗೆ, ತಾಯಿ ಬದುಕಿರುವಾಗ ಅತ್ತೆಮನೆಯಲ್ಲಿ! ಪಾಪಮ್ಮ ದಾರಿಯುದ್ದಕ್ಕೂ ಅತ್ತಳಂತೆ. ಅಳುವೂ ಗಡಗಡ ಎಂದು ನಡುಗುತ್ತಿತ್ತಂತೆ. ಮಾರನೆಯ ದಿನ ನನ್ನ ಅಂಗಡಿಯ ಮುಂದೆ ನಿಂತು ಗಂಡನಿಗೆ ಮಂಗಳಾರತಿ ಎತ್ತಿದಳು. “ಊರೋರ ಕಾರೆಲ್ಲ ರಿಪೇರಿ ಮಾಡ್ದೆ. ನಿನ್ ಕಾರ್ ಅಲ್ಲಾಡೋದು ಗೊತ್ತಾಗ್ನಿಲ್ವಾ? ನನ್ ಮಗ್ಳು ಈ ಮನೆಗ್ ಬರ್ನಿಲ್ಲ ಅಂದ್ರೆ ನಾನೂ ಅಲ್ಲಿಗೇ ಓಯ್ತೀನಿ. ನೀನು ನಿನ್ ಕಾರು ಇಬ್ರೇ ಇರಿ.”

“ಅದೇನ್ ಅಂಥಾದ್ದು ಅಲ್ಲಾಡಲ್ಲ ಬುಡಮ್ಮಿ...” ಎಂದು ಮಹದೇವಯ್ಯ ರಾಗ ಎಳೆದ.

“ಹಿಂದಿನ ಸೀಟಲ್ಲಿ ಕೂತೋರ್ನ ಕೇಳು ಅಂತ ನೀನೇ ತಾನೇ ಹೇಳೋದು? ನಾನೇ ಕೂತಿದ್ದೆ. ಕೇಳು!” ಎಂದಳು. ಮಹದೇವಯ್ಯನ ಮುಖ ಹುಳ್ಳಗಾಯಿತು.

ದಸರೆಯ ವಾರ. ಅಂದೇ ತಪಾಸಣೆ ಶುರುವಾಯಿತು. ಮಹದೇವಯ್ಯ ಓಡಿಸುವುದು, ಪಾಪಮ್ಮ ಹಿಂದೆ ಕೂತು ಬಾಯಿ ಅಗಲಿಸಿ “ಆ...” ಎನ್ನುವುದು. ಸ್ವರ ಎಲ್ಲಿ ನಡುಗುತ್ತದೋ ಅಲ್ಲಿ ಕಾಯಿಲೆ. ವೇಗದ ಲೆಕ್ಕ ಬರೆದುಕೊಳ್ಳಲು ನಾನು. ಅಂಗಡಿಗೆ ಬೀಗ ಹಾಕಿ ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ, ಅಂಗಡಿಯಲ್ಲಿ ನೊಣ ಹೊಡೆಯುವುದಕ್ಕಿಂತ ಇದು ಮಜವಾಗಿತ್ತು. ಹದಿನಾರು ಎನ್ನುವ ಊರಿನ ಕಡೆಯ ರಸ್ತೆಯಲ್ಲಿ ಹೋಗುವಾಗ ಮೂವತ್ತರಲ್ಲಿ “ಆ” ನೆಟ್ಟಗಿತ್ತು. ನಲವತ್ತರಲ್ಲೂ ನೆಟ್ಟಗಿತ್ತು. ಐವತ್ತೈದಕ್ಕೆ “ಆ-ಹಾ-ಹಾ-ಹಾ-ಹಾ” ಆಯಿತು. ಆಗ ಮಹದೇವಯ್ಯ ಗೇರನ್ನು ನ್ಯೂಟ್ರಲ್ಲಿಗೆ ತಂದ. ಎಂಜಿನ್ನಿನ ಸದ್ದು ಇಳಿಯಿತು, ಪಾಪಮ್ಮನ ನಡುಕ ಇಳಿಯಲಿಲ್ಲ.

“ಎಂಜಿನ್ದಲ್ಲ ತಪ್ಪು” ಎಂದ.

ಹಿಂದಿನ ಚಕ್ರ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿ ಮತ್ತೆ ಹೊರಟೆವು. ಸ್ವರ ಬದಲಾಗಲಿಲ್ಲ. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರು ಅದೇ ಕಾರು, ಅದೇ ಹೆಂಗಸು, ಅದೇ ಕೂಗು ಮೂರನೇ ಸಲ ಬಂದದ್ದು ನೋಡಿ ರಸ್ತೆಗೆ ಓಡಿ ಬಂದರು. ಕರಿಯಪ್ಪ ಎನ್ನುವ ಮುದುಕ ಅಡ್ಡ ನಿಂತು, “ಆಸ್ಪತ್ರೆ ಅತ್ಲಾಗಲ್ಲ ಕಣ್ರಪ್ಪಾ, ಇತ್ಲಾಗೆ! ಪಾಪ, ಆ ತಾಯಿ ಎಷ್ಟೊತ್ನಿಂದ ಒದ್ದಾಡ್ತಾ ಅವ್ಳೆ!” ಎಂದು ನಮ್ಮನ್ನು ಬೈದು ದಾರಿ ತೋರಿಸಿದ. ಪಾಪಮ್ಮನಿಗೆ ನಗು ತಡೆಯಲಾಗದೆ ಆ ದಿನದ ತಪಾಸಣೆ ಅಲ್ಲಿಗೇ ನಿಂತಿತು.

ಎಂಜಿನ್ನೂ ಅಲ್ಲ, ಚಕ್ರವೂ ಅಲ್ಲ ಎಂದ ಮೇಲೆ ಕಾಯಿಲೆಯೇನೋ ಗೊತ್ತಾಗಿತ್ತು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಶಕ್ತಿ ಒಯ್ಯುವ ಉದ್ದನೆಯ ಕೊಳವೆ ಇರುತ್ತದಲ್ಲ, ಶಾಫ್ಟು, ಅದರದು. ಅದರ ಎರಡು ತುದಿಗೂ ಕವಲು, ಕವಲಿನಲ್ಲಿ ಕ್ರಾಸು ಎನ್ನುವ ಕೀಲು. ಮಹದೇವಯ್ಯ ಕಾರಿನ ಕೆಳಗೆ ಮಲಗಿ ಶಾಫ್ಟು ಹಿಡಿದು ಅಲ್ಲಾಡಿಸಿದ. ಟಕ್ ಟಕ್ ಎಂದಿತು. ಎರಡೂ ಕ್ರಾಸು ಸವೆದು ಹೋಗಿದ್ದವು. ಹೊರಗೆ ಬಂದು, ಕೈ ಒರೆಸಿಕೊಂಡು, ನೆಲ ನೋಡುತ್ತಾ ಹೇಳಿದ. “ಎಲ್ಡು ಕ್ರಾಸ್ ಕೊಡು ಕಣ್ಲಾ.”

“ಹಳೇದು ಯಾವುದೂ ಇಲ್ಲವಲ್ಲೋ” ಎಂದೆ.

“ಹೊಸಾದೇ ಕೊಡು. ಮಗ್ಳು ಕೂರೋ ಕಾರು ಕಣ್ಲಾ.”

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಚುಡಾಯಿಸೋಣ ಎಂದು ಬಾಯಿ ತೆರೆದವನು, ಅವನ ಮುಖ ನೋಡಿ ಸುಮ್ಮನೆ ಎರಡು ಡಬ್ಬಿ ತೆಗೆದುಕೊಟ್ಟೆ.

ಹಳೆಯ ಕ್ರಾಸು ತುಕ್ಕು ಹಿಡಿದು ಕೂತಿದ್ದರಿಂದ ಅದನ್ನು ಒತ್ತಿ ತೆಗೆಯಲು ಲೇತು ಅಂಗಡಿಯ ಪುಟ್ಟಬಸವಯ್ಯನ ಹತ್ತಿರ ಹೋಗಬೇಕಿತ್ತು. ಶಾಫ್ಟಿನ ಮುಂದಿನ ತುದಿಯಲ್ಲಿ, ಆ ಕಡೆಯ ಕವಲನ್ನು ಹೊತ್ತ ಒಂದು ತೋಳು ಇರುತ್ತದೆ. ಅದು ಕೊಳವೆಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಅದನ್ನು ಎಳೆಯುವ ಮುಂಚೆ ಮಹದೇವಯ್ಯ ತೋಳಿಗೂ ಕೊಳವೆಗೂ ಸೇರಿಸಿ ತನ್ನ ಸುಣ್ಣದ ಗೆರೆ ಎಳೆದ. ಎಲ್ಲವನ್ನೂ ಪುಟ್ಟಬಸವಯ್ಯನಿಗೆ ಒಪ್ಪಿಸಿ ಬಂದ. ಮಾರನೆಯ ದಿನ ಆಯುಧಪೂಜೆ. ಮಹದೇವಯ್ಯನದು ಬೌದ್ಧರ ಮನೆ, ಅವನಿಗೆ ಪೂಜೆ ಗೀಜೆ ಇಲ್ಲ, ಆ ದಿನ ಸ್ಪ್ಯಾನರು ತೊಳೆದು ಒಣಹಾಕಿ ಮಲಗುತ್ತಾನೆ. ಹಬ್ಬ ಕಳೆದ ಮೇಲೆ ಶುಕ್ರವಾರ ಸಾಮಾನು ತಂದ. ತೋಳಿನ ಮೇಲೆ ಬಿಳಿ ಗೆರೆ, ಕೊಳವೆಯ ಮೇಲೆ ಬಿಳಿ ಗೆರೆ. ಗೆರೆಗೆ ಗೆರೆ ಕೂಡಿಸಿ ಜೋಡಿಸಿದ. ಪಾಪಮ್ಮ ಹಿಂದೆ ಕೂತಳು.

ಮೂವತ್ತಕ್ಕೇ “ಆ-ಹಾ-ಹಾ-ಹಾ” ಶುರುವಾಯಿತು. ನಲವತ್ತಕ್ಕೆ ಅವಳ ಹೆರಳು ಬಿಚ್ಚಿತು. ನನ್ನ ಕನ್ನಡಕ ಮೂಗಿನ ತುದಿಗೆ ಬಂತು.

“ನಿನ್ ಕ್ರಾಸೇ ಸರಿಯಿಲ್ಲ!” ಎಂದು ಮಹದೇವಯ್ಯ ನನ್ನ ಮೇಲೆ ಎಗರಿದ.

“ನಿನ್ನ ಕೈಯೇ ಸರಿಯಿಲ್ಲ!” ಎಂದು ನಾನೂ ಎಗರಿದೆ. ಹದಿನಾಲ್ಕು ವರ್ಷದ ಪೇಪರಿನ ಸಿಟ್ಟು ಒಟ್ಟಿಗೆ ಬಂತು. ಪಾಪಮ್ಮ ಇಬ್ಬರಿಗೂ ಬೈದು, ರಸ್ತೆ ಬದಿಯಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಭಾನುವಾರಕ್ಕೆ ಇನ್ನು ಒಂದೇ ದಿನ ಉಳಿದಿತ್ತು.

ಶನಿವಾರ ಬೆಳಿಗ್ಗೆ ನಾನು ಅಂಗಡಿ ತೆರೆಯುವ ಹೊತ್ತಿಗೆ ಅವನು ಆಗಲೇ ಕಾರಿನ ಕೆಳಗಿದ್ದ, ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಪೇಪರಿಗೆ ಬಂದಿರಲಿಲ್ಲ. ಮಾತಾಡಿಸಬಾರದು ಎಂದುಕೊಂಡಿದ್ದೆ, ಆದರೂ ಹೋಗಿ ಬಗ್ಗಿ ನೋಡಿದೆ. ಆ ಬಿಳಿ ಗೆರೆಯನ್ನೇ ದಿಟ್ಟಿಸುತ್ತಿದ್ದ. ಉಗುರಿನಲ್ಲಿ ಚೂರು ಕೆರೆದ. ನಾಲಿಗೆಗೆ ಇಟ್ಟುಕೊಂಡ. ಸ್ವಲ್ಪ ಹೊತ್ತು ಕಣ್ಣು ಪಿಳಿಪಿಳಿ ಬಿಟ್ಟ. ಮತ್ತೆ ಕೆರೆದು ಮತ್ತೆ ನೆಕ್ಕಿದ.

“ಲೇ ಗುರುಪ್ರಸಾದಾ! ನಾಲ್ಗೆ ಸುಡ್ನಿಲ್ಲ ಕಣ್ಲಾ! ಇದು ಸುಣ್ಣ ಅಲ್ಲ!”

“ಮತ್ತೇನು?”

“ನೀನೇ ನೆಕ್ಕಿ ನೋಡು!”

ನೆಕ್ಕುವ ಅಗತ್ಯ ನನಗಿರಲಿಲ್ಲ. ಹುಟ್ಟಿದಾಗಿನಿಂದ ಹಣೆಗೆ ಹಚ್ಚಿಕೊಂಡವನು, ಮೂಸಿದರೆ ಸಾಕು. ವಿಭೂತಿ! ಇಬ್ಬರೂ ಪುಟ್ಟಬಸವಯ್ಯನ ಅಂಗಡಿಗೆ ಓಡಿದೆವು. ಅವನು ಪಾಪ ಶಾಂತವಾಗಿ ಹೇಳಿದ. “ಹೂಂ, ಹಬ್ಬದ ದಿನ ಅಂಗ್ಡೀಲಿರೋ ಕಬ್ಬಿಣನೆಲ್ಲ ಸೀಮೆಣ್ಣೆ ಹಾಕಿ ತೊಳ್ದೆ. ಎಲ್ಲದಕ್ಕೂ ವಿಭೂತಿ ಹಚ್ದೆ. ದೊಡ್ಡದಕ್ಕೆಲ್ಲ ಮೂರು ಬೆರಳು. ಸಣ್ಣ ಸಾಮಾನಿಗೆ ಮೂರು ಹಿಡಿಸಲ್ಲವಲ್ಲ, ಅದಕ್ಕೆ ಒಂದೇ ಬೆರಳು. ಯಾಕೆ, ತಪ್ಪಾಯ್ತಾ?”

ಮಹದೇವಯ್ಯ ತಲೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಕೂತ. “ಅಲ್ಲ ಕಣಪ್ಪ, ನಮ್ಮನೇಲಿ ನಾನೇ ವಿಭೂತಿ ಇಕ್ಕೋದು ಬುಟ್ಟಿವ್ನಿ, ನೀನು ನನ್ ಶಾಫ್ಟಿಗೆ ಇಕ್ಬುಟ್ಯಾ?” ಎಂದು ನಗತೊಡಗಿದ. ಪುಟ್ಟಬಸವಯ್ಯನಿಗೆ ಏನೂ ಅರ್ಥವಾಗದೆ, ಪ್ರಸಾದದ ಪುರಿ ಉಳಿದಿದ್ದನ್ನು ತಂದು ಇಬ್ಬರಿಗೂ ಕೊಟ್ಟ.

ವಿಷಯ ಇಷ್ಟೇ. ಶಾಫ್ಟಿನ ಹಿಂದಿನ ಕವಲು ಅಡ್ಡ ಮಲಗಿದ್ದರೆ ಮುಂದಿನ ಕವಲೂ ಅಡ್ಡವೇ ಮಲಗಬೇಕು. ಒಂದು ಅಡ್ಡ ಒಂದು ನೆಟ್ಟಗೆ ಆದರೆ ಒಂದನ್ನೊಂದು ಕುಲುಕಿ ಸಾಯಿಸುತ್ತವೆ. ಸುಣ್ಣದ ಗೆರೆ ತೊಳೆದು ಹೋಗಿ, ವಿಭೂತಿಗೆ ವಿಭೂತಿ ಕೂಡಿಸಿ, ಮಹದೇವಯ್ಯ ಕವಲನ್ನು ತಿರುಚಿ ಜೋಡಿಸಿದ್ದ. ಈ ಸಲ ಗೆರೆಯನ್ನೇ ನಂಬದೆ, ಶಾಫ್ಟನ್ನು ನೆಲಕ್ಕೆ ಹಾಕಿ, ಎರಡು ಕವಲಿಗೂ ಒಂದೊಂದು ಕಬ್ಬಿಣದ ಪಟ್ಟಿ ಇಟ್ಟು, ಕಣ್ಣಳತೆಯಲ್ಲಿ ಮಟ್ಟ ಮಾಡಿ ಜೋಡಿಸಿದ. ಐವತ್ತೈದಕ್ಕೆ ಪಾಪಮ್ಮನ “ಆ” ನೆಟ್ಟಗೆ ಬಂತು. ಅರವತ್ತಕ್ಕೆ ಮಾತ್ರ ಕೊನೆಯಲ್ಲಿ ಒಂದು ಸಣ್ಣ ಕಂಪನ ಉಳಿಯಿತು.

“ಒಂದ್ ಕಡೆ ತೂಕ ಜಾಸ್ತಿ ಅದೆ. ಎಲ್ಡು ಹೋಸ್ ಕ್ಲಿಪ್ ಕೊಡು” ಎಂದ. ನೀರಿನ ಪೈಪು ಬಿಗಿಯುವ ಕ್ಲಿಪ್ಪು. ಅದನ್ನು ಶಾಫ್ಟಿನ ಸುತ್ತ ಬಿಗಿದು, ತಿರುಪು ಇರುವ ಭಾರದ ಕಡೆಯನ್ನು ಒಂದು ಸಲ ಮೇಲೆ, ಒಂದು ಸಲ ಪಕ್ಕಕ್ಕೆ, ಹೀಗೆ ತಿರುಗಿಸಿ ತಿರುಗಿಸಿ ನೋಡಿದ. ಪ್ರತಿ ಸಲವೂ ಪಾಪಮ್ಮ “ಆ” ಎಂದಳು. ಏಳನೆಯ ಸಲ ಅರವತ್ತೈದು ದಾಟಿದರೂ ಸ್ವರ ಅಲುಗಲಿಲ್ಲ. ಗದ್ದೆಯಿಂದ ಕರಿಯಪ್ಪ ಕೈಯೆತ್ತಿ, “ಇನ್ನೂ ಹೆತ್ನಿಲ್ವಾ ಆ ತಾಯಿ?” ಎಂದು ಕೂಗಿದ.

ಭಾನುವಾರ ಮಹದೇವಯ್ಯ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ. ಕ್ಲಿಪ್ಪು ಕೊಟ್ಟವನು ನಾನೇ ಆದ್ದರಿಂದ ನಾನೂ ಬರಬೇಕು ಎಂದ. ನರಸೀಪುರದಲ್ಲಿ ಊಟ ಮುಗಿಯಿತು. ಸಂಘಮಿತ್ರಾ ಹಿಂದಿನ ಸೀಟಿನ ನಡುವೆ ಕೂತಳು, ಒಂದು ಕಡೆ ಪಾಪಮ್ಮ. ಇನ್ನೊಂದು ಕಡೆಯ ಬಾಗಿಲು ತೆಗೆದು ಚನ್ನಾಜಮ್ಮನೇ ಹತ್ತಿದರು.

“ನಾನೂ ಬತ್ತೀನಿ. ಅಲ್ಲಾಡ್ತೋ, ಅಲ್ಲೇ ನನ್ ಸೊಸೇನ ಇಳಿಸ್ಕೊಂಡು ವಾಪಸ್ಸು” ಎಂದು ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತರು.

ಕಾರು ಹೊರಟಿತು. ನಲವತ್ತು. ಐವತ್ತು. ಮಹದೇವಯ್ಯನ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಐವತ್ತೈದಕ್ಕೆ ಪಾಪಮ್ಮ ಅಭ್ಯಾಸಬಲದಿಂದ ಬಾಯಿ ತೆರೆದು “ಆ...” ಎಂದಳು.

“ಯಾಕ್ರಮ್ಮಾ, ಹಲ್ನೋವಾ?” ಎಂದರು ಚನ್ನಾಜಮ್ಮ. ಪಾಪಮ್ಮ ಬಾಯಿ ಮುಚ್ಚಿದಳು.

ಅರವತ್ತು. ಕಾರು ನೀರಿನ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಮಹದೇವಯ್ಯ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕ. ಅಷ್ಟರಲ್ಲಿ ಹಿಂದಿನಿಂದ ಚನ್ನಾಜಮ್ಮ ಕಿರುಚಿದರು.

“ನಿಲ್ಸಿ! ನಿಲ್ಸಿ ಬೀಗ್ರೇ! ಅಲ್ಲಾಡ್ತು!”

ಕಾರು ನಿಂತಿತು. ನಮಗೆ ಏನನ್ನೂ ಹೇಳಲು ಬಿಡದೆ ಮಹದೇವಯ್ಯ ಬಾಗಿಲು ತೆಗೆದು, ಬಿಳಿ ಅಂಗಿಯಲ್ಲೇ ಧೂಳಿಗೆ ಬಿದ್ದು ಕಾರಿನ ಕೆಳಗೆ ನುಗ್ಗಿದ. “ಎಲ್ಲಾ ಬಿಗಿಯಾಗೇ ಅದೆ... ಕ್ಲಿಪ್ಪೂ ಅದೆ... ಯಾವ್ದು ಅಲ್ಲಾಡ್ತಪ್ಪಾ...” ಎಂದು ಗೋಳಿಡುತ್ತಿದ್ದ.

ಹಿಂದೆ ತಿರುಗಿದರೆ ಸಂಘಮಿತ್ರಾ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಾಳೆ. ಚನ್ನಾಜಮ್ಮ ಕಾರಿನಿಂದ ಇಳಿದು, ಸೊಂಟಕ್ಕೆ ಕೈ ಕೊಟ್ಟು ಬಗ್ಗಿದರು.

“ಆಚೆ ಬನ್ನಿ ಬೀಗ್ರೇ. ಅಲ್ಲಾಡಿದ್ದು ನಿಮ್ ಕಾರಲ್ಲ. ನನ್ ಕೈಗೆ ಮಗು ಒದೀತು.”

ಕಾರಿನ ಕೆಳಗಿನಿಂದಲೇ ಪ್ರಶ್ನೆ ಬಂತು.

“ಎಷ್ಟ್ ಸ್ಪೀಡಲ್ಲಿ?”

“ನಿಂತಾಗ್ಲೂ ಒದೀತದೆ ಕಣಪ್ಪ!” ಎಂದಳು ಸಂಘಮಿತ್ರಾ.

“ಅಂಗಾರೆ ಶಾಫ್ಟಲ್ಲ ಬುಡು” ಎಂದು ಹೊರಗೆ ತೆವಳಿ ಬಂದ. ಅಂಗಿ ತುಂಬ ಗ್ರೀಸು. ಗ್ರೀಸಿನ ಕೈಯಲ್ಲೇ ಕಣ್ಣು ಒರೆಸಿಕೊಂಡದ್ದರಿಂದ ಮುಖಕ್ಕೂ ಗ್ರೀಸು. ಅವನು ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಪಾಪಮ್ಮ ಇಳಿದು ಬಂದು ಸೆರಗಿನಲ್ಲಿ ಅವನ ಮುಖ ಒರೆಸಿದಳು, ಬೈಯಲಿಲ್ಲ.

ಚನ್ನಾಜಮ್ಮ ಮತ್ತೆ ಹತ್ತಿ ಕೂತು, ಎಲೆ ಅಡಿಕೆ ಚೀಲ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡರು. “ಹೂಂ, ನಡೀರಿ. ಹೊತ್ತಾಯ್ತದೆ” ಎಂದರು. ನಂಜನಗೂಡು ಬರುವವರೆಗೆ ಒಂದು ಅಡಿಕೆಯೂ ಕೆಳಗೆ ಬೀಳಲಿಲ್ಲ.