ಕಾಕು ಕರೆದಿದ್ದರು

ಕಾಕುವಿನ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಮಗ ಕೂಸಾಗಿದ್ದಾಗ ಓಲೆ ಹಿಡಿದು ಜಗ್ಗಿದ್ದನಂತೆ. ಸೀಳಿನ ಪಕ್ಕದಲ್ಲೇ ಇನ್ನೊಂದು ತೂತು ಚುಚ್ಚಿಸಿಕೊಂಡು ಅದೇ ಓಲೆ ಹಾಕಿಕೊಂಡಿದ್ದರು. ಯಾರಾದರೂ ಕೇಳಿದರೆ, "ಕಿವಿ ಹರದ್ರ ಏನಾತು, ಹುಡುಗನ ಕೈಯಾಗ ಕಸುವು ಇತ್ತಲ್ಲ!" ಎಂದು ನಗುತ್ತಿದ್ದರು.

ಊರು ಖಾನಾಪುರ. ಬೆಳಗಾವಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾಜೂ ಮನೆಯವರು. ಕನ್ನಡದಲ್ಲಿ ಮಾತು ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದರು. ಮರಾಠಿಯವರು ಚಿಕ್ಕಮ್ಮನನ್ನು ಕರೆಯುವಂತೆ ನಾನೂ ಅವರನ್ನು ಕಾಕು ಎನ್ನುತ್ತಿದ್ದೆ, ನನ್ನನ್ನು ನೋಡಿ ನನ್ನ ಪುಟ್ಟ ಮಗಳೂ.

ಮೆಲ್ಲಗೆ ಎಂಬುದು ಮಗಳಿಗೆ ಗೊತ್ತೇ ಇಲ್ಲ. ಓಡಿಬಂದು ಅಪ್ಪಿಕೊಂಡರೆ ಎದುರಿನ ಮಗು ಅಂಗಾತ ಬೀಳುತ್ತಿತ್ತು. ಮೇಲಿನ ಮನೆಯ ಹುಡುಗನ ಬರ್ತ್‌ಡೇಯಲ್ಲಿ ಅವನಿಗಿಂತ ಮೊದಲು ತಾನೇ ಮೇಣದಬತ್ತಿ ಊದಿಬಿಟ್ಟಳು. ಹುಡುಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಆಮೇಲೆ ನಮ್ಮ ಕಟ್ಟಡದ ಯಾರೂ ಅವಳನ್ನು ಕರೆಯಲಿಲ್ಲ.

ಮರುವರ್ಷ ಅದೇ ಹುಡುಗನ ಬರ್ತ್‌ಡೇ. ಮೇಲಿನಿಂದ ಮಕ್ಕಳ ಗದ್ದಲ ಕೇಳಿ ಮಗಳು ತಾನೇ ಹೊಸ ಫ್ರಾಕು ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಅವ್ವಾ, ನನ್ನ ಕರಿಯೂದು ಮರತಾರೇನ?"

ಅಲ್ಲಿಗೇ ಹೊರಟಿದ್ದ ಕಾಕು ಬಂದು ಅವಳ ಕೈ ಹಿಡಿದರು.

"ಕರೀಲಾರದ ಹೆಂಗ ಹೋಗೂದ್ರೀ?" ಎಂದೆ.

"ನನ್ನ ಕರದಾರಲ್ಲ. ಇಕಿ ನನ್ನ ಜೋಡಿ."

ಮೆಟ್ಟಿಲೇರುತ್ತ ಅವರು ಅವಳಿಗೆ ಹೇಳುತ್ತಿದ್ದುದು ಕೇಳಿಸಿತು: "ಊದೂದು ಅವನ ಪಾಳಿ. ಚಪ್ಪಾಳಿ ಹೊಡಿಯೂದು ನಿನ್ನ ಪಾಳಿ. ಎಷ್ಟ ಜೋರ್ ಹೊಡೀತಿ, ಹೊಡಿ!"

ಮಗಳು ಅಂಗೈ ಕೆಂಪಗೆ ಮಾಡಿಕೊಂಡು ಬಂದಳು. ಆಮೇಲೆ ಒಂದೆರಡು ಮನೆಯವರು ತಾವಾಗಿಯೇ ಕರೆಯತೊಡಗಿದರು.

ಮುಂದೆ ಕಾಕು ಖಾನಾಪುರದಲ್ಲಿ ಮಗನ ಮನೆ ಸೇರಿದರು. ಎಪ್ಪತ್ತೈದು ತುಂಬಿದಾಗ ಅವನು ದೊಡ್ಡದಾಗಿ ಹುಟ್ಟುಹಬ್ಬ ಇಟ್ಟುಕೊಂಡ. "ಹುಡುಗೀನ ಕರಕೊಂಡ ಬಾ. ನೀ ಬರದಿದ್ರೂ ನಡೀತೈತಿ," ಎಂದು ಕಾಕು ಫೋನು ಮಾಡಿದ್ದರು. ನಾನು ಒಬ್ಬಳೇ ಹೋದೆ. ಅಷ್ಟು ಮಂದಿ ಬೀಗರು, ನೆಂಟರ ನಡುವೆ ಮಗಳು ಏನು ಮಾಡಿಬಿಡುತ್ತಾಳೋ ಎಂಬ ಅಂಜಿಕೆ. ಅದು ದೊಡ್ಡವರ ಕಾರ್ಯಕ್ರಮ ಎಂದು ಅವಳಿಗೆ ಸುಳ್ಳು ಹೇಳಿದ್ದೆ.

ಕಾಕು ನನ್ನ ಬೆನ್ನ ಹಿಂದೆ ಇಣುಕಿದರು. "ಎಲ್ಲದಾಳ ಅಕಿ?"

"ಮೈಯಾಗ ಆರಾಮಿಲ್ರೀ, ಕಾಕು."

ಅವರ ಮುಖ ಸಣ್ಣದಾಯಿತು. ಕೇಕು ಇನ್ನೂ ಹಾಗೇ ಇತ್ತು. ಸೊಸೆ ನಗುತ್ತ ನನಗೆ ಹೇಳಿದಳು: "ಮೊಮ್ಮಕ್ಕಳಿಗೂ ಬತ್ತಿ ಊದಾಕ ಕೊಡವಲ್ರು ನೋಡ್ರಿ ನಮ್ಮ ಅತ್ತಿ. ಇವತ್ತ ನಿಮ್ಮ ಹುಡುಗೀ ಪಾಳಿ ಅಂತ."

ಕೊನೆಗೆ ಕಾಕುವೇ ಊದಿದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಮಳೆಗಾಲಕ್ಕೆ ಮೊದಲೇ ಕಾಕು ತೀರಿಕೊಂಡರು. ಈ ಸಲ ಮಗಳನ್ನು ಕರೆದುಕೊಂಡೇ ಹೋದೆ. ಪಡಸಾಲೆಯ ಗೋಡೆಗೆ ಹುಟ್ಟುಹಬ್ಬದ ಫೋಟೋ ಹಾಕಿದ್ದರು. ಅವಳು ಅದನ್ನೇ ನೋಡುತ್ತ ನಿಂತಳು.

"ಹುಡುಗೂರೂ ಅದಾರಲ್ಲವ್ವಾ. ಕಾಕು ನನ್ನ ಯಾಕ ಕರೀಲಿಲ್ಲ?"

ತೀರಿಹೋದವರ ಮೇಲೆ ಆ ಮಾತು ಬರಗೊಡಲು ನನ್ನಿಂದ ಆಗಲಿಲ್ಲ. "ಕರದಿದ್ರು. ನಾನ ನಿನ್ನ ಬಿಟ್ಟು ಬಂದಿದ್ದೆ," ಎಂದೆ.

ಅವಳು ಕೂಗಾಡಲಿಲ್ಲ. "ನನ್ನ ಹಾದಿ ನೋಡಿದ್ರೇನ?" ಎಂದಳು.

"ಹೂಂ. ಭಾಳ ನೋಡಿದ್ರು."

ನನ್ನ ಕೈ ಬಿಡಿಸಿಕೊಂಡು, ಒಳಕೋಣೆಯಲ್ಲಿ ಅಳುತ್ತಿದ್ದ ಹೆಂಗಸರ ನಡುವೆ ನುಗ್ಗಿ, ಮಲಗಿಸಿದ್ದ ಕಾಕುವಿನ ತಲೆಯ ಹತ್ತಿರ ಹೋಗಿ ಕುಳಿತಳು. ಒಬ್ಬರೂ ಅವಳನ್ನು ಏಳು ಎನ್ನಲಿಲ್ಲ. ಸೊಸೆ ತುಸು ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು. ನಾನು ಬಾಗಿಲ ಹೊರಗೇ ನಿಂತೆ.