ಕಾಣದ ಮಾವನವರ ಚಿತ್ರ

ನಮ್ಮ ಮನೆಯ ಜೋಳದ ರೊಟ್ಟಿಯ ಅಂಚಿನಲ್ಲಿ ಒಮ್ಮೊಮ್ಮೆ ನೀಲಿ ಬಣ್ಣ ಕಾಣಿಸಿಕೊಳ್ಳುತ್ತದೆ. ಬೇರೆಯವರ ಮನೆಯಲ್ಲಾಗಿದ್ದರೆ ಹಿಟ್ಟಿಗೆ ಏನೋ ಆಗಿದೆಯೆಂದು ಗಾಬರಿಪಡುತ್ತಿದ್ದರೇನೋ. ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯಜಮಾನರು ಅಷ್ಟು ತುಣುಕನ್ನು ಮುರಿದು ತಟ್ಟೆಯ ಪಕ್ಕಕ್ಕಿಟ್ಟು, "ಇವತ್ತು ಆಕಾಶ ಬರದಿಯೇನು?" ಎಂದು ಕೇಳಿ, ಉಳಿದದ್ದನ್ನು ಬದನೆಕಾಯಿ ಪಲ್ಯದ ಜೊತೆ ನಿಶ್ಚಿಂತೆಯಿಂದ ಉಣ್ಣುತ್ತಾರೆ. ಉಗುರಿನ ಸಂದಿಯಲ್ಲಿ ಸೇರಿದ ಬಣ್ಣ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು, ಚಿತ್ರಕ್ಕೊಂದು ರೊಟ್ಟಿಗೊಂದು ಎಂದು ಬೇರೆಬೇರೆ ಕೈಗಳನ್ನು ದೇವರು ನನಗೆ ಕೊಟ್ಟಿಲ್ಲ. ಇರುವ ಕೈಯಲ್ಲೇ ಎರಡನ್ನೂ ಸಂಭಾಳಿಸಬೇಕು.

ನನ್ನ ತವರು ಹಡಗಲಿ ತಾಲ್ಲೂಕಿನ ಮಾಗಳ, ತುಂಗಭದ್ರೆಯ ದಂಡೆಯ ಊರು. ಹೈಸ್ಕೂಲಿನಲ್ಲಿದ್ದಾಗ ನಮ್ಮ ಡ್ರಾಯಿಂಗ್ ಮಾಸ್ತರರು ನನ್ನ ಕೈಗೆ ಕುಂಚ ಕೊಟ್ಟು, ನದಿಯನ್ನು ನೋಡಿ ಬರೆಯಲು ಹೇಳಿದರು. ನಾನು ಬರೆದ ನದಿ ಮೊದಮೊದಲು ಒಣಗಲು ಹಾಕಿದ ಸೀರೆಯಂತೆ ಕಾಣುತ್ತಿತ್ತು. ಮಾಸ್ತರರು ದೊಡ್ಡವರು, ಸೀರೆಯಾದರೂ ಒಳ್ಳೆಯ ಸೀರೆ ಎಂದರು. ಡ್ರಾಯಿಂಗ್ ಪರೀಕ್ಷೆ ಪಾಸಾದದ್ದೇ ನನ್ನ ವಿದ್ಯಾಭ್ಯಾಸದ ಪರಮಾವಧಿ. ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಕೊಟ್ಟೂರಿಗೆ ಬಂದಾಗ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಬಣ್ಣದ ಡಬ್ಬಿಯೂ ಬಂತು. ಇಲ್ಲಿ ನದಿಯಿಲ್ಲ. ಅದರ ಪಾಲಿನ ನೀಲಿಯನ್ನೆಲ್ಲ ನಾನು ಆಕಾಶಕ್ಕೇ ಖರ್ಚು ಮಾಡಬೇಕಾಯಿತು. ಬಯಲುಸೀಮೆಯ ಆಕಾಶಕ್ಕೆ ಎಷ್ಟು ನೀಲಿ ಸುರಿದರೂ ಸಾಲದು ಎಂಬುದು ಆಮೇಲೆ ತಿಳಿಯಿತು.

ಗೃಹಸ್ಥಾಶ್ರಮದೊಳಗೆ ನನ್ನದೇ ಒಂದು ವರ್ಣಾಶ್ರಮವನ್ನು ಕಟ್ಟಿಕೊಳ್ಳಬೇಕೆಂದು ನಾನು ಪಟ್ಟ ಪಾಡು ಹೇಳತೀರದು. ಕಲಾವಿದರಿಗೆ ಏಕಾಂತ ಬೇಕು, ಉತ್ತರದ ಬೆಳಕು ಬೇಕು, ಧ್ಯಾನಸ್ಥ ಮನಸ್ಸು ಬೇಕು ಎಂದು ಎಲ್ಲೋ ಓದಿದ್ದೆ. ನನಗೆ ಸಿಕ್ಕದ್ದು ಪಡಸಾಲೆಯ ಮೂಲೆ, ಶೇಂಗಾ ಚೀಲಗಳ ಸಂದಿಯ ಬೆಳಕು, ಮತ್ತು ಕುಕ್ಕರಿನ ಸೀಟಿಗೆ ಅರ್ಧ ಒಪ್ಪಿಸಿದ ಮನಸ್ಸು. ಯಜಮಾನರದು ಶೇಂಗಾ ವ್ಯಾಪಾರವಾದ್ದರಿಂದ ಚೀಲಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವುಗಳ ಜೊತೆ ನನ್ನ ಬೆಳಕೂ ಬರುತ್ತಿತ್ತು, ಹೋಗುತ್ತಿತ್ತು. ಮರದ ಎಲೆಗಳಿಗೆ ಹಸಿರು ಕಲಸಿಕೊಂಡು ಕುಂಚ ಎತ್ತುವುದಕ್ಕೂ ಮಗಳು ಜಡೆ ಹಾಕಿಸಿಕೊಳ್ಳಲು ಬೆನ್ನು ತಿರುಗಿಸಿ ಕೂರುವುದಕ್ಕೂ ಸರಿಹೋಗುತ್ತಿತ್ತು. ಜಡೆ ಮುಗಿಯುವ ಹೊತ್ತಿಗೆ ಹಸಿರು ಒಣಗಿ ಬಿರುಕು ಬಿಟ್ಟಿರುತ್ತಿತ್ತು. ಹಾಗಾಗಿ ನನ್ನ ಆ ಕಾಲದ ಚಿತ್ರಗಳಲ್ಲಿ ಎಲೆ ಉದುರಿದ ಮರಗಳೇ ಹೆಚ್ಚು. ನೋಡಿದವರು ಅದರಲ್ಲಿ ವೈರಾಗ್ಯ ಕಂಡರು, ನಾನೂ ಒಪ್ಪಿಕೊಂಡುಬಿಟ್ಟೆ.

ನಮ್ಮ ಅತ್ತೆಯವರಿಗೆ ಈ ಹುಚ್ಚಿನ ಬಗ್ಗೆ ಕೋಪವಿರಲಿಲ್ಲ, ಕನಿಕರವಿತ್ತು. ಸೊಸೆ ಒಳ್ಳೆಯವಳು, ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ, ಈ ಹುಚ್ಚೊಂದು ಬಿಟ್ಟರೆ ಮತ್ತೇನೂ ದೋಷವಿಲ್ಲ ಎಂಬ ಧಾಟಿಯಲ್ಲಿ ಅವರು ನನ್ನನ್ನು ಬಂದವರಿಗೆ ಪರಿಚಯಿಸುತ್ತಿದ್ದರು. ಒಮ್ಮೊಮ್ಮೆ ಬಣ್ಣದ ಬಟ್ಟಲುಗಳನ್ನು ನೋಡಿ, "ಅಷ್ಟು ಬಣ್ಣ ಐತಿ, ಬಾಗಲಿಗರ ಬಳೀಬಾರದೇನವ್ವ, ನಾಕು ಮಂದಿ ನೋಡ್ತಾರ" ಎನ್ನುತ್ತಿದ್ದರು. ನಾನು ಬಾಗಿಲಿಗೂ ಬಳಿದೆ. ನಾಲ್ಕು ಮಂದಿ ನೋಡಿದ್ದೂ ನಿಜ. ನನ್ನ ಯಾವ ಚಿತ್ರಕ್ಕೂ ಅಷ್ಟು ಪ್ರೇಕ್ಷಕರು ಒದಗಿರಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ನಾವಿಬ್ಬರೂ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಅತ್ತೆಯವರು ಆಗಷ್ಟೇ ಪಕ್ಕದ ಮನೆಯಿಂದ ಬಂದಿದ್ದರು. ಅಲ್ಲಿ ತೀರಿಹೋದ ಹಿರಿಯರ ಫೋಟೊ ದೊಡ್ಡದು ಮಾಡಿಸಿ, ಹಾರ ಹಾಕಿ ಗೋಡೆಗೇರಿಸಿದ್ದರು. ಕೈಯಲ್ಲಿದ್ದ ಹಣ್ಣನ್ನು ಹಾಗೇ ಹಿಡಿದು ಅತ್ತೆಯವರು ಹೇಳಿದರು: "ನಮ್ಮನ್ಯಾಗ ಗೋಡಿ ಖಾಲಿ ಐತಿ. ಗೋಡಿ ಹೋಗ್ಲಿ ಬಿಡವ್ವ. ಈಗೀಗ ಕಣ್ಣು ಮುಚ್ಚಿದ್ರೂ ಅವರ ಮುಖ ಬರವಲ್ದು. ದನಿ ಕೇಳಿಸ್ತೈತಿ, ಕೆಮ್ಮಿದ್ದೂ ಕೇಳಿಸ್ತೈತಿ. ಮುಖ ಮಾತ್ರ ಬರವಲ್ದು. ನಾಳೆ ನಾ ಸತ್ತು ಅಲ್ಲಿಗೆ ಹೋದ್ರ ಹೆಂಗ ಗುರ್ತು ಹಿಡೀಲಿ?"

ಮಾವನವರನ್ನು ನಾನು ನೋಡಿಯೇ ಇಲ್ಲ. ನಮ್ಮ ಯಜಮಾನರು ಇನ್ನೂ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳಲಾರದಷ್ಟು ಚಿಕ್ಕವರಿದ್ದಾಗ ಅವರು ತೀರಿಕೊಂಡರು. ಅವರ ಫೋಟೊ ಎಂದು ಮನೆಯಲ್ಲಿ ಇದ್ದದ್ದು ಯಾರದೋ ಮದುವೆಯ ಒಂದು ಗುಂಪುಚಿತ್ರ. ಅದರಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡುತ್ತಿರುವಾಗ ಮಾವನವರು ಮಾತ್ರ, ನಿಂತಿದ್ದ ಮುದುಕರೊಬ್ಬರಿಗೆ ಕುರ್ಚಿ ತರಿಸಲು ಹಿಂದಕ್ಕೆ ತಿರುಗಿ ಯಾರನ್ನೋ ಕೂಗುತ್ತಿದ್ದಾರೆ. ಹೀಗಾಗಿ ಅವರ ಸೌಜನ್ಯಕ್ಕೆ ದಾಖಲೆ ಉಳಿಯಿತು, ಮುಖಕ್ಕೆ ಉಳಿಯಲಿಲ್ಲ. ಕಾಣುವುದು ಒಂದು ರುಮಾಲು, ಒಂದು ಕಿವಿ.

"ನೀ ಏನೇನೋ ಬರೀತಿಯಲ್ಲ, ಅವರನ್ನೊಂದು ಬರದುಕೊಡು" ಎಂದರು ಅತ್ತೆಯವರು. ನನ್ನ ಚಿತ್ರಕಲೆಯಿಂದ ಯಾರಿಗಾದರೂ ಏನಾದರೂ ಬೇಕಾದದ್ದು ಅದೇ ಮೊದಲು. ಬಹಳ ಸಂತೋಷವಾಯಿತು. ಹಿಂದೆಯೇ ಭಯವೂ ಆಯಿತು. ನಾನು ತಪ್ಪು ಮುಖ ಬರೆದು, ಅವರು ಅದನ್ನೇ ನೋಡಿ ನೋಡಿ, ಒಳಗೆ ಅಷ್ಟಿಷ್ಟು ಉಳಿದಿದ್ದ ನಿಜವಾದ ಮುಖವೂ ಅಳಿಸಿಹೋದರೆ?

ಆಮೇಲಿನ ಕೆಲವು ತಿಂಗಳು ನಮ್ಮ ಮನೆ ಅಂಗಾಂಗಗಳ ಸಂಗ್ರಹಾಲಯವಾಗಿತ್ತು. ಹಣೆ ಮಾವನವರದೇ ಎಂದು ಬಂಧುಬಳಗ ಒಮ್ಮತದಿಂದ ತೀರ್ಮಾನಿಸಿದ್ದರಿಂದ ಯಜಮಾನರ ಹಣೆಯನ್ನು ತೆಗೆದುಕೊಂಡೆ. ಮೂಗಿಗೆ ಹರಪನಹಳ್ಳಿಯಲ್ಲಿದ್ದ ಭಾವನವರು ಬಂದರು. ಬಂದವರು ಊಟ ಮಾಡಿ, ಮೂಗು ಬರೆಸಿಕೊಂಡು, ಸಂಜೆಯ ಬಸ್ಸಿಗೆ ಹೋದರು. ಕಣ್ಣಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ಅತ್ತೆಯವರನ್ನೇ ಕೇಳೋಣವೆಂದರೆ, "ಮೂಗು ಹೆಂಗಿತ್ರಿ?" ಎಂದರೆ "ಮೂಗಿನಂಗ ಇತ್ತು" ಎನ್ನುತ್ತಿದ್ದರು, ಮೀಸೆಯ ಬಗ್ಗೆ ಕೇಳಿದರೆ ನಾಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಒಂದೊಂದು ಚಿತ್ರ ಮುಗಿದಾಗಲೂ ಅದನ್ನು ಗೋಡೆಗಾನಿಸಿ ಅವರನ್ನು ಎದುರಿಗೆ ನಿಲ್ಲಿಸುತ್ತಿದ್ದೆ. ಅವರು ಬಹಳ ಹೊತ್ತು ನೋಡಿ, ನನ್ನ ಮನಸ್ಸು ನೋಯಬಾರದೆಂದು, "ಚೊಲೊ ಬಂದೈತವ್ವ" ಎಂದು, ಆಮೇಲೆ ಮೆಲ್ಲಗೆ, "ಯಾರಿವ್ರು?" ಎಂದು ಕೇಳುತ್ತಿದ್ದರು. ಒಂದು ಚಿತ್ರವಂತೂ ಕೂಡ್ಲಿಗಿ ಬಸ್ಸಿನ ಕಂಡಕ್ಟರರಂತೆ ಬಂದಿತ್ತು. ಅದನ್ನು ನೋಡಿದ ಮಗಳು ನಕ್ಕಳು, ನಾನೂ ನಕ್ಕೆ. ಅತ್ತೆಯವರು ನಗಲಿಲ್ಲ. ಆ ದಿನ ಅವರು ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಬಿಟ್ಟುಬಿಡೋಣವೆಂದುಕೊಂಡೆ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯವರನ್ನು, ಕಡೆಯ ಪ್ರಯತ್ನವೆಂಬಂತೆ, ಮಾವನವರ ಕಣ್ಣು ದೊಡ್ಡವೋ ಸಣ್ಣವೋ ಅದೊಂದನ್ನಾದರೂ ಹೇಳಿ ಎಂದು ಬೇಡಿಕೊಂಡೆ. ಅವರಿಗೆ ರೇಗಿತು.

"ಎದುರಿಗೆ ನಿಂತು ನೋಡಿದ್ರ ಗೊತ್ತಾಗೋದು! ಅತ್ತಿ ಮಾವ, ಭಾವ ಮೈದುನ ಎಲ್ಲಾರೂ ಇದ್ದ ಮನ್ಯಾಗ ಗಂಡನ ಮುಖ ದಿಟ್ಟಿಸಿ ನೋಡಾಕ ಬರ್ತಿತ್ತೇನವ್ವ ಆವಾಗ? ನಾ ನೋಡಿದ್ದೆಲ್ಲಾ ಇಲ್ಲಿಂದನ. ಈ ಒಲಿ ಮುಂದ ಕುಂತು, ರೊಟ್ಟಿ ಬಡಕಂತ, ಸೆರಗಿನ ಸಂದ್ಯಾಗ."

ನನ್ನ ಕೈ ರೊಟ್ಟಿಯ ಮೇಲೆ ನಿಂತಿತು. ಅವರು ಕೂತಲ್ಲಿಂದಲೇ ಕೈ ಚಾಚಿ ತೋರಿಸಿದ ಕಡೆ ನೋಡಿದೆ. ಅಡುಗೆಮನೆಯ ಬಾಗಿಲು, ಬಾಗಿಲಿನಾಚೆ ಪಡಸಾಲೆಯ ಒಂದು ತುಂಡು, ಅಲ್ಲಿ ಬೆಳಕಿಂಡಿಯ ಕೆಳಗೆ ಮಣೆ. ಅಲ್ಲಿ ಆಗಿನ್ನೂ ಯಜಮಾನರು ಸ್ನಾನ ಮಾಡಿ ಬಂದು, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತಿದ್ದರು. ಮಾವನವರೂ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಕೂರುತ್ತಿದ್ದರಂತೆ. ಒಲೆಯ ಮುಂದಿನಿಂದ ಕಾಣುವುದು ಬಾಗಿದ ಕತ್ತು, ಒಂದು ಕಿವಿ, ವಿಭೂತಿಯ ತುದಿ ಹಣಿಕಿದ ಹಣೆಯ ಅಂಚು, ಅರ್ಧ ಕೆನ್ನೆ, ಒದ್ದೆಯಾಗಿದ್ದ ಬೆನ್ನು. ಇಷ್ಟೇ. ತಮ್ಮ ಸಂಸಾರವಿಡೀ ಅತ್ತೆಯವರು ಗಂಡನೆಂದು ನೋಡಿದ್ದು ಇದನ್ನು. ಫೋಟೊ ಸ್ಟುಡಿಯೋಗಳ ರೂಢಿಗೆ ಬಿದ್ದ ನಾನು, ಅವರು ಎಂದೂ ಎದುರಿಗೆ ನಿಲ್ಲದ ಮನುಷ್ಯನ ಎದುರಿಗೆ ಅವರನ್ನು ತಂದು ತಂದು ನಿಲ್ಲಿಸಿ, ಗುರುತು ಸಿಕ್ಕಿತೇ ಎಂದು ಕೇಳುತ್ತಿದ್ದೆ!

ಅಂದೇ ನನ್ನ ಸರಂಜಾಮನ್ನೆಲ್ಲ ಅಡುಗೆಮನೆಗೆ ಸಾಗಿಸಿದೆ. ಹಿಟ್ಟಿನ ಡಬ್ಬದ ಮೇಲೆ ಹಲಗೆ, ಹಲಗೆಯ ಮೇಲೆ ಹಾಳೆ, ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಬಣ್ಣದ ಬಟ್ಟಲುಗಳು. ಯಜಮಾನರು ಪೂಜೆಗೆ ಕೂತಷ್ಟು ಹೊತ್ತು ನನಗೆ ಚಿತ್ರ. ಅವರು ಎದ್ದರೆ ನನಗೆ ರೊಟ್ಟಿ. ವಿಷಯ ಗೊತ್ತಾದ ಮೇಲೆ ಆ ಪುಣ್ಯಾತ್ಮರು ತಾವಾಗಿಯೇ ಪೂಜೆಯನ್ನು ಉದ್ದ ಮಾಡಿದರು. ಅಂಗಡಿ ತಡವಾಗಿ ತೆರೆಯಿತು, ಊರವರು ಇವರಿಗೆ ಭಕ್ತಿ ಹೆಚ್ಚಿತೆಂದು ಮಾತಾಡಿಕೊಂಡರು, ಶಿವನಿಗೂ ಲಾಭವಾಯಿತು. ಮಕ್ಕಳು ಬೆಳಗಿನ ತಿಂಡಿಗೆ ದಿನವೂ ಮಂಡಕ್ಕಿ ಒಗ್ಗರಣೆ ತಿಂದು ಗೊಣಗದೆ ಶಾಲೆಗೆ ಹೋದರು. ಕಿವಿಗೆ ಹಳೆಯ ಗುಂಪುಚಿತ್ರ ನೆರವಾಯಿತು. ಮಿಕ್ಕದ್ದಕ್ಕೆ ಅತ್ತೆಯವರು ಪಕ್ಕದಲ್ಲೇ ಇದ್ದರು. ಈಗ ಅವರಿಗೆ ಎಲ್ಲವೂ ಗೊತ್ತಿತ್ತು. ಕತ್ತು ಇನ್ನೂ ಬಾಗಬೇಕು, ಎಡಭುಜ ಚೂರು ಇಳಿದಿತ್ತು, ಕಿವಿಯ ಹಿಂದೆ ಕೂದಲು ಸುರುಳಿ ಸುತ್ತಿತ್ತು ಎಂದು ಬೆಳ್ಳುಳ್ಳಿ ಸುಲಿಯುತ್ತಲೇ ಹೇಳುತ್ತಿದ್ದರು.

ಓದುಗ ಮಹಾಶಯರೇ, ಬಿಡುವು ಸಿಕ್ಕಮೇಲೆ, ಅಡುಗೆಮನೆಯಿಂದ ಬಿಡುಗಡೆ ಸಿಕ್ಕಮೇಲೆ ಒಂದು ಒಳ್ಳೆಯ ಚಿತ್ರ ಬರೆಯುತ್ತೇನೆಂದು ನಾನು ಎಷ್ಟೋ ವರ್ಷ ನಂಬಿಕೊಂಡು ಬಂದಿದ್ದೆ. ಬಿಡುವು ಬರಲಿಲ್ಲ, ಬರುವ ಲಕ್ಷಣವೂ ಇಲ್ಲ. ಆದರೆ ಈ ಚಿತ್ರವನ್ನು ಒಲೆಯ ಮುಂದಲ್ಲದೆ ಬೇರೆಲ್ಲಿ ಕೂತೂ ಬರೆಯಲು ಸಾಧ್ಯವಿರಲಿಲ್ಲ. ಅಲ್ಲಿ ಕೂರಿಸಿದ ನನ್ನ ಮನೆಯವರೆಲ್ಲರಿಗೂ ನಾನು ಋಣಿ. ಇದನ್ನು ಸೌಜನ್ಯಕ್ಕೆ ಹೇಳುತ್ತಿಲ್ಲ.

ಚಿತ್ರ ಮುಗಿದ ದಿನ ಅತ್ತೆಯವರು ಹಿತ್ತಲಲ್ಲಿದ್ದರು. ಬಣ್ಣ ಇನ್ನೂ ಹಸಿಯಾಗಿತ್ತು. ಅದನ್ನು ಒಯ್ದು ಪಡಸಾಲೆಯ ಬೆಳಕಿಂಡಿಯ ಕೆಳಗೆ, ಅದೇ ಮಣೆಯ ಮೇಲೆ ಗೋಡೆಗಾನಿಸಿ ಇಟ್ಟು, ಬಂದು ಒಲೆಯ ಪಕ್ಕದಲ್ಲಿ ನಿಂತೆ. ಅತ್ತೆಯವರು ತುಂಬಿದ ಕೊಡ ಹೊತ್ತು ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದರು. ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ತಲೆಯೆತ್ತಿದವರು ಬಾಗಿಲಿನಾಚೆ ನೋಡಿದರು. ಯಾರಿವ್ರು ಎಂದು ಕೇಳಲಿಲ್ಲ. ಮುಖ ಒರೆಸುತ್ತಿದ್ದ ಕೈ ತಾನಾಗಿ ಮೇಲೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಹಾಗೇ ಒಲೆಯ ಮುಂದೆ ಕುಳಿತರು. ಸೆರಗಿನ ಸಂದಿಯಿಂದ ನೋಡುತ್ತ ಕುಳಿತೇ ಇದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಅವರು ಒರೆಸಿಕೊಳ್ಳಲಿಲ್ಲ.

ಬಹಳ ಹೊತ್ತಾದ ಮೇಲೆ ಅವರಿಗೆ ನಾನು ನಿಂತಿರುವುದು ನೆನಪಾಯಿತು. ತಿರುಗಿ, ದನಿ ತಗ್ಗಿಸಿ, ಗದರಿಸಿದರು.

"ಏನ್ ನೋಡ್ಕೊಂತ ನಿಂತೀಯವ್ವ? ಸೆರಗು ಹೊದ್ಕೊ. ನಿಮ್ಮ ಮಾವಾರು ಕುಂತಾರ."

ನನ್ನ ಎರಡೂ ಕೈಗೆ ಬಣ್ಣ ಮೆತ್ತಿತ್ತು. ಆ ಕೈಯಲ್ಲೇ ಸೆರಗೆಳೆದು ತಲೆ ತುಂಬ ಹೊದ್ದುಕೊಂಡೆ.