ನಾನು ಕೂರಿಸಿದ ಫ್ಯಾನುಗಳು

ಪೀಣ್ಯದಲ್ಲಿ ದೊಡ್ಡ ದೊಡ್ಡ ಬ್ಲೋವರ್‌ಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇಪ್ಪತ್ತೊಂದು ವರ್ಷದಿಂದ ಬ್ಯಾಲೆನ್ಸಿಂಗ್ ಮಾಡುತ್ತಿದ್ದೇನೆ. ತಿರುಗುವ ಚಕ್ರದ ಯಾವ ಕಡೆ ತೂಕ ಹೆಚ್ಚಿದೆ ಎಂದು ಕಂಡುಹಿಡಿದು, ಅಲ್ಲಿ ಒಂದಿಷ್ಟು ಲೋಹ ಉಜ್ಜಿ ತೆಗೆದು, ಅದು ನಡುಗದೆ ತಿರುಗುವಂತೆ ಮಾಡುವುದು ಈ ಕೆಲಸ. ನನ್ನ ಮೆಷಿನ್ನಿಗೆ ಬರುವ ಚಕ್ರಗಳು ಸಾಮಾನ್ಯವಾಗಿ ನನ್ನ ಎದೆಯೆತ್ತರ ಇರುತ್ತವೆ. ಹಾಗಾಗಿ ಒಬ್ಬ ಮನುಷ್ಯ ಒಂದು ಶನಿವಾರ ಮಧ್ಯಾಹ್ನ ಬಂದು, ಕರವಸ್ತ್ರ ಬಿಚ್ಚಿ, ಲೋಟದ ಬಾಯಿಯಷ್ಟಗಲದ ಕಪ್ಪು ಪ್ಲಾಸ್ಟಿಕ್ ಫ್ಯಾನೊಂದನ್ನು ಮೇಜಿನ ಮೇಲಿಟ್ಟಾಗ ನಾನು ಅವರ ಮುಖವನ್ನೇ ನೋಡಿದೆ.

"ಇದು ಕಿರುಚತ್ತೆ ಮೇಡಂ," ಎಂದರು. "ನಾನು ಡೆಂಟಿಸ್ಟು. ಬೆಳಗ್ಗಿಂದ ಸಾಯಂಕಾಲದವರೆಗೆ ಡ್ರಿಲ್ಲಿನ ಸದ್ದಲ್ಲೇ ಇರೋನು. ನನಗೇ ತಡ್ಕೊಳೋಕಾಗ್ತಿಲ್ಲ ಅಂದ್ರೆ ನೋಡಿ."

ಅವರ ಕ್ಲಿನಿಕ್ ಬೇಗೂರಿನಲ್ಲಿತ್ತು. ರೇಡಿಯೊ ರಿಮೋಟಿನಿಂದ ಹಾರಿಸುವ ಮಾದರಿ ಜೆಟ್ ವಿಮಾನಗಳು ಅವರ ಹುಚ್ಚು. ಅವುಗಳಿಗೆ ಮೂತಿಯಲ್ಲಿ ಪ್ರೊಪೆಲ್ಲರ್ ಇರುವುದಿಲ್ಲ. ಹೊಟ್ಟೆಯೊಳಗಿನ ಒಂದು ಕೊಳವೆಯಲ್ಲಿ ಈ ಫ್ಯಾನು ಕೂತಿರುತ್ತದೆ. ಮುಂದಿನ ಎರಡು ಕಿಂಡಿಗಳಿಂದ ಗಾಳಿ ಎಳೆದು ಹಿಂದಿನಿಂದ ರಭಸವಾಗಿ ನೂಕುತ್ತದೆ. ಇಷ್ಟನ್ನು ಅವರು ಕೈಯಲ್ಲೇ ವಿಮಾನ ಮಾಡಿ ತೋರಿಸುತ್ತಾ ವಿವರಿಸಿದರು. ಪೀಣ್ಯದಲ್ಲಿ ನಾಲ್ಕು ಕಡೆ ಕೇಳಿದ್ದರಂತೆ, ಇಷ್ಟು ಚಿಕ್ಕದನ್ನು ಯಾರೂ ಮುಟ್ಟಲಿಲ್ಲವಂತೆ.

ನಮ್ಮ ಮೆಷಿನ್ನಿಗೆ ಅದರ ಇರವೇ ತಿಳಿಯುವಂತಿರಲಿಲ್ಲ. ಮನೆಗೆ ತಂದೆ. ಎರಡು ಶೇವಿಂಗ್ ಬ್ಲೇಡುಗಳನ್ನು ಮರದ ತುಂಡಿನಲ್ಲಿ ಸಮಾನಾಂತರವಾಗಿ ನಿಲ್ಲಿಸಿ, ಫ್ಯಾನಿನ ನಡುವೆ ಒಂದು ತೆಳು ಸರಳು ತೂರಿಸಿ, ಸರಳಿನ ಎರಡು ತುದಿಗಳನ್ನು ಬ್ಲೇಡುಗಳ ಅಂಚಿನ ಮೇಲಿಟ್ಟೆ. ಭಾರದ ರೆಕ್ಕೆ ತಾನಾಗಿ ಕೆಳಗೆ ಬಂತು. ಎದುರಿನ ರೆಕ್ಕೆಗೆ ಉಗುರುಬಣ್ಣದ ಒಂದು ಚುಕ್ಕೆ ಹಚ್ಚಿ ಒಣಗಿಸಿದೆ, ಮತ್ತೊಂದು ಹಚ್ಚಿದೆ. ಮೂರನೇ ಚುಕ್ಕೆಗೆ ಫ್ಯಾನು ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಮುಂದಿನ ಶನಿವಾರ ಅದನ್ನು ಬ್ಯಾಟರಿಗೆ ಹಚ್ಚಿ ತಿರುಗಿಸಿದ ಡಾಕ್ಟರು, ಸದ್ದು ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಕಿರುಚಾಟ ಹೋಗಿ, ದಪ್ಪನೆಯ ಒಂದೇ ಸ್ವರ ಉಳಿದಿತ್ತು.

ನಾಗಸಂದ್ರದಲ್ಲಿ ಮೊದಲ ಮಹಡಿಯ ಎರಡು ಕೋಣೆಯ ಮನೆ ನನ್ನದು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಕ್ವಾರ್ಟರ್ಸ್ ಬಿಟ್ಟ ಮೇಲೆ ಕಟ್ಟಿಸಿದ ಮನೆ ಇದು. ಅಪ್ಪ, ಅಮ್ಮ ಇಬ್ಬರೂ ಹೋಗಿ ಬಹಳ ವರ್ಷವಾಯಿತು. ನನ್ನ ಮದುವೆಯ ಮಾತು ಒಂದೆರಡು ಸಲ ಬಂದು, ಆಮೇಲೆ ಬರುವುದು ನಿಂತಿತು. ಕಾರ್ಖಾನೆಯಲ್ಲಿ ನಮ್ಮ ಶೆಡ್ಡಿನಲ್ಲಿ ಹೆಂಗಸು ನಾನೊಬ್ಬಳೇ. ಸೇರಿದ ಮೊದಲ ದಿನ ಸಂಕೋಚಕ್ಕೆ ಮೆಷಿನ್ನಿನ ಪಕ್ಕ ಕೂತು ಊಟದ ಡಬ್ಬಿ ಬಿಚ್ಚಿದ್ದೆ. ಯಾರೂ ಕರೆಯಲಿಲ್ಲ, ನಾನೂ ಎದ್ದು ಹೋಗಲಿಲ್ಲ. ಈಗಲೂ ಅಲ್ಲೇ ಕೂರುತ್ತೇನೆ. ಯಾರಿಗೂ ನನ್ನ ಮೇಲೆ ಕೋಪವಿಲ್ಲ. ಅದು ಹಾಗೇ ರೂಢಿಯಾಗಿಬಿಟ್ಟಿದೆ.

ಆದ್ದರಿಂದ ಡಾಕ್ಟರು ಮೂರನೇ ಸಲ ಬಂದು, "ಫ್ಯಾನು ಸರಿಯಾಯ್ತು, ಆದ್ರೆ ವಿಮಾನದೊಳಗೆ ಹಾಕಿದ್ರೆ ನೂಕೋ ಶಕ್ತೀನೇ ಇಲ್ಲ. ಒಂಚೂರು ನೋಡ್ತೀರಾ?" ಎಂದು ಇಡೀ ಜೆಟ್ಟನ್ನೇ ನನ್ನ ಮನೆಯ ಊಟದ ಮೇಜಿನ ಮೇಲೆ ಮಲಗಿಸಿದಾಗ ನನಗೆ ಆದ ಖುಷಿಯನ್ನು ತೋರಿಸಿಕೊಳ್ಳದಿರಲು ಕಷ್ಟಪಟ್ಟೆ.

ತಪ್ಪು ಎಲ್ಲಿದೆ ಎಂದು ಕೈಯಿಟ್ಟ ಕೂಡಲೇ ಗೊತ್ತಾಯಿತು. ಫ್ಯಾನಿನ ಸುತ್ತಲಿನ ಬಳೆಗೂ ಕೊಳವೆಗೂ ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ಮೋಟಾರಿನ ತಂತಿಗಳು ಗಾಳಿಯ ದಾರಿಗೆ ಅಡ್ಡ ಜೋತುಬಿದ್ದಿದ್ದವು. ಹಿಂದಿನ ಬಾಯಿ ಫ್ಯಾನಿನಷ್ಟೇ ಅಗಲವಾಗಿದ್ದುದರಿಂದ ಗಾಳಿಗೆ ಬಿರುಸೇ ಇರಲಿಲ್ಲ. ತೆಳು ಪ್ಲೈವುಡ್ಡಿನ ಎರಡು ಪಟ್ಟಿಗಳನ್ನು ಒಳಗೆ ಅಂಟಿಸಿ, ಬಳೆ ಅವುಗಳ ಮೇಲೆ ನೆಟ್ಟಗೆ ಕೂರುವಂತೆ ಮಾಡಿದೆ. ಸಂದುಗಳನ್ನು ಟೇಪಿನಿಂದ ಮುಚ್ಚಿದೆ. ತಂತಿಗಳನ್ನು ಗೋಡೆಗೆ ಒತ್ತಿ ಅಂಟಿಸಿದೆ. ಹಿಂದಕ್ಕೆ ಹೋಗುತ್ತಾ ಕಿರಿದಾಗುವ ಹೊಸ ಕೊಳವೆಗೆ ತೆಳುವಾದ, ಗಟ್ಟಿಯಾದ ಹಾಳೆ ಬೇಕಿತ್ತು. ಡಾಕ್ಟರು ಕ್ಲಿನಿಕ್ಕಿನಿಂದ ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ತಂದರು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಇಡೀ ದವಡೆ ತೋರಿಸುವ ಉದ್ದನೆಯ ಫಿಲ್ಮು. ಸುತ್ತಿದರೆ ಅಳತೆಗೆ ಸರಿಯಾಗಿ ಬಂತು. ಯಾರದೋ ಹಲ್ಲಿನ ಸಾಲು ಜೆಟ್ಟಿನ ಹೊಟ್ಟೆಯೊಳಗೆ ಸುತ್ತ ಕೂತಿತು.

"ಹಲ್ಲಿನೋರಿಗೆ ಗೊತ್ತಾದ್ರೆ?" ಎಂದೆ.

"ಅವರ ಹಲ್ಲು ಈಗ ಅವರ ಬಾಯಲ್ಲೂ ಇಲ್ಲ ಬಿಡಿ," ಎಂದರು.

ಹಾಗೆ ಶುರುವಾಗಿದ್ದು ಎರಡು ವರ್ಷ ನಡೆಯಿತು. ಡಾಕ್ಟರು ತಮ್ಮ ವಿಮಾನಗಳಾದ ಮೇಲೆ, ಭಾನುವಾರ ಜೊತೆಗೆ ಹಾರಿಸುವ ಗುಂಪಿನವರ ವಿಮಾನಗಳನ್ನೂ ತಂದರು. ಒಟ್ಟು ಹದಿನೇಳು ಜೆಟ್ಟುಗಳು ನನ್ನ ಮೇಜಿನ ಮೇಲೆ ಮಲಗಿ ಎದ್ದು ಹೋದವು. ವಾರವಿಡೀ ಸಂಜೆ ಕೆಲಸ ಮುಗಿಸಿ ಬಂದು ಒಂದೊಂದೇ ಪಟ್ಟಿ ಅಂಟಿಸುತ್ತಿದ್ದೆ. ಶನಿವಾರ ಡಾಕ್ಟರು ಬಂದು ಕಾಫಿ ಕುಡಿದು, ಒಂದು ಗಂಟೆ ಕೂತು ಮಾತಾಡಿ, ಜೆಟ್ಟನ್ನು ಚಾದರದಲ್ಲಿ ಸುತ್ತಿ ಕಾರಿಗೆ ಒಯ್ಯುತ್ತಿದ್ದರು. ವಾರದಲ್ಲಿ ನಾನು ಯಾರೊಂದಿಗಾದರೂ ನೆಮ್ಮದಿಯಾಗಿ ಕೂತು ಮಾತಾಡುತ್ತಿದ್ದುದು ಆ ಒಂದು ಗಂಟೆ ಮಾತ್ರ. ಕಾರು ತಿರುವು ದಾಟಿದ ಮೇಲೂ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿರುತ್ತಿದ್ದೆ.

ಅವು ಹಾರುವುದನ್ನು ಮಾತ್ರ ನಾನು ನೋಡಿರಲಿಲ್ಲ. ಒಂದು ಸಲ ಕೇಳಿದೆ, "ನಾನೂ ಒಂದಿನ ಬರ್ಲಾ ಡಾಕ್ಟ್ರೇ?"

"ಬನ್ನಿ ಬನ್ನಿ. ಬಿಸ್ಲು ಜಾಸ್ತಿ ಅಲ್ಲಿ, ಕೂರೋಕೂ ಜಾಗ ಇಲ್ಲ. ಒಂದಿನ ನಾನೇ ಹೇಳ್ತೀನಿ."

ಹೇಳಲಿಲ್ಲ. ಹದಿನೇಳನೆಯದು ಇದ್ದುದರಲ್ಲೇ ದೊಡ್ಡದು, ಕೆಂಪು ಬಾಲದ್ದು. ಅದರ ಮೇಲೆ ಐದು ವಾರ ಕೆಲಸ ಮಾಡಿದ್ದೆ. ಅದನ್ನು ಅವರು ಒಯ್ದ ಮರುದಿನ ಬೆಳಿಗ್ಗೆ, ಯಾರಿಗೂ ಹೇಳದೆ, ಮೆಟ್ರೊ ಹತ್ತಿ, ಎರಡು ಬಸ್ಸು ಬದಲಿಸಿ, ಜಿಗಣಿಯಿಂದ ಆಟೊ ಹಿಡಿದು ಹೊರಟೆ. ಜಾಗದ ಗುರುತನ್ನು ಅವರೇ ಮಾತಿನ ನಡುವೆ ಎಷ್ಟೋ ಸಲ ಹೇಳಿದ್ದರು. ಡಾಂಬರು ರಸ್ತೆ, ಚರಂಡಿ, ದೀಪದ ಕಂಬದ ಗುಂಡಿ ಎಲ್ಲ ಮಾಡಿಟ್ಟು ಒಂದು ಮನೆಯೂ ಏಳದ ಒಂದು ಲೇಔಟು. ಹೊಂಗೆ ಮರದ ಕೆಳಗೆ ನಿಂತೆ. ಒಂದಷ್ಟು ದೂರದಲ್ಲಿ ಡಾಕ್ಟರೂ ಇನ್ನು ಆರು ಜನರೂ ಟೋಪಿ ಹಾಕಿಕೊಂಡು ನಿಂತಿದ್ದರು.

ಕೆಂಪು ಬಾಲದ್ದು ರಸ್ತೆಯ ಮೇಲೆ ಓಡಿ ಎದ್ದಿತು. ಮೊದಲು ಕಣ್ಣಿಗೆ ಸಿಕ್ಕಲೇ ಇಲ್ಲ, ಸದ್ದು ಸಿಕ್ಕಿತು. ನನ್ನ ಊಟದ ಮೇಜಿನ ಮೇಲೆ ಬಿಗಿಯಾಗಿ ಹಿಡಿದು ಕೇಳಿದ್ದ ಅದೇ ಸ್ವರ, ಈಗ ಆಕಾಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದುಕೊಂಡು ಹೋಗುತ್ತಿತ್ತು. ಎಲ್ಲೂ ನಡುಕವಿಲ್ಲ. ಗೊತ್ತಿಲ್ಲದೆ ಮರದ ನೆರಳು ಬಿಟ್ಟು ಅವರ ಹತ್ತಿರಕ್ಕೆ ನಡೆದಿದ್ದೆ.

"ಸಕ್ಕತ್ ಗುರು," ಎನ್ನುತ್ತಿದ್ದ ಒಬ್ಬ. "ಒಂದು ವೈಬ್ರೇಶನ್ ಇಲ್ಲ ನೋಡು. ಡಾಕ್ಟ್ರು ಫ್ಯಾನ್ ಕೂರ್ಸಿದ್ರೆ ಕೂರ್ಸಿದಂಗೇ."

"ಹಲ್ಲು ಕೂರ್ಸೋ ಕೈ ಅಲ್ವಾ ಅದು," ಎಂದ ಇನ್ನೊಬ್ಬ. "ನಮಗೆ ಹೇಳ್ಕೊಡಿ ಅಂದ್ರೆ ಹೇಳ್ಕೊಡಲ್ಲ."

ಡಾಕ್ಟರು ನಗುತ್ತಿದ್ದರು. ತಿರುಗಿದಾಗ ನನ್ನನ್ನು ಕಂಡರು. ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು.

"ಯಾರ್ ಸಾರ್ ಇವ್ರು?" ಎಂದು ಮೊದಲಿನವನು ಕೇಳಿದ.

"ನಮ್ ಪೇಷೆಂಟು," ಎಂದರು. "ಈ ಕಡೆ ಏನೋ ಕೆಲ್ಸಕ್ಕೆ ಬಂದಿರ್ಬೇಕು. ನೋವು ಹೇಗಿದೆ ಮೇಡಂ ಈಗ?"

ಎಲ್ಲರೂ ನನ್ನನ್ನು ನೋಡಿದರು. ನಿಜ ಹೇಳಲು ಬಾಯಿ ತೆರೆದೆ. "ಪರವಾಗಿಲ್ಲ ಡಾಕ್ಟ್ರೇ, ಕಮ್ಮಿ ಆಗಿದೆ," ಎಂದೆ.

ವಾಪಸು ಬರುವಾಗ ಆಟೊ ಸಿಗಲಿಲ್ಲ. ಜಿಗಣಿಯವರೆಗೆ ನಡೆದೇ ಬಂದೆ. ಭಾನುವಾರ, ಕಾರ್ಖಾನೆಗಳೆಲ್ಲ ಮುಚ್ಚಿದ್ದವು. ಉದ್ದಕ್ಕೂ ಗೇಟುಗಳು, ಗೇಟಿನ ಹಿಂದೆ ಕುರ್ಚಿಯಲ್ಲಿ ಕೂತ ಕಾವಲುಗಾರರು. ಬೆನ್ನ ಹಿಂದೆ ಬಹಳ ದೂರದವರೆಗೂ ಫ್ಯಾನಿನ ಸದ್ದು ಕೇಳುತ್ತಲೇ ಇತ್ತು.

ಅವರು ಎರಡು ಶನಿವಾರ ಬರಲಿಲ್ಲ. ಮೂರನೆಯದಕ್ಕೆ ಬರಿಗೈಯಲ್ಲಿ ಬಂದು, ಕೂತ್ಕೊಳ್ಳಿ ಎನ್ನುವ ಮೊದಲೇ ಕೂತರು. ಕಾಫಿ ಮಾಡಿಕೊಟ್ಟೆ. ಕುಡಿಯಲಿಲ್ಲ.

"ಮೊದಲ್ನೇ ಸಲ ಯಾರೋ ಚೆನ್ನಾಗಿದೆ ಅಂದ್ರು, ಸುಮ್ನಿದ್ದೆ," ಎಂದರು. "ಆಮೇಲೆ ಹೇಳೋಕಾಗ್ಲಿಲ್ಲ. ಮನೇಲಿ ನಾನು, ಹೆಂಡ್ತಿ ಮಾತಾಡಿ ಯಾವ ಕಾಲವಾಯ್ತೋ. ಕ್ಲಿನಿಕ್ಕಲ್ಲಿ ಬರೋರು ಬಾಯಿ ತೆರ್ಕೊಂಡು ಮಲ್ಗಿರ್ತಾರೆ, ಮಾತಾಡೋ ಹಂಗಿಲ್ಲ. ಆ ಆರು ಜನ ಭಾನುವಾರ ನನ್ನ ದಾರಿ ಕಾಯ್ತಾರೆ ಮೇಡಂ. ಅಷ್ಟೇ ಇರೋದು ನಂಗೆ." ಲೋಟವನ್ನು ಆಚೆ ಸರಿಸಿ, "ಮುಂದಿನ ವಾರ ಎಲ್ರಿಗೂ ನಿಜ ಹೇಳ್ಬಿಡ್ತೀನಿ. ನೀವೂ ಬನ್ನಿ," ಎಂದರು.

"ಬೇಡ," ಎಂದೆ. "ಹೇಳಿದ್ರೆ ಅವ್ರು ನಿಮ್ಮನ್ನ ನೋಡಿ ನಗ್ತಾರೆ, ನನ್ನನ್ನ ಕೆಲ್ಸಕ್ಕೆ ಕರೀತಾರೆ. ಎರಡೂ ನಂಗೆ ಬೇಡ."

"ಕೋಪ ಬಂದಿದೆಯಾ?"

"ನೀವು ಪೇಷೆಂಟ್ ಅಂದ್ರಿ, ಸರಿ. ನಾನು ನೋವು ಕಮ್ಮಿ ಆಗಿದೆ ಅಂದ್ನಲ್ಲ. ಅದಕ್ಕೆ ನನ್ನ ಮೇಲೇ ಕೋಪ."

ಅವರು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುವಾಗ ಒಮ್ಮೆ ಮೇಜಿನ ಕಡೆ ನೋಡಿದರು. ಮತ್ತೆ ಬರಲಿಲ್ಲ. ಹಬ್ಬಗಳಿಗೆ ಮೊಬೈಲಿಗೆ ಶುಭಾಶಯ ಬರುತ್ತದೆ, ನಾನೂ ಕಳಿಸುತ್ತೇನೆ.

ಶನಿವಾರಗಳು ಕಷ್ಟವಾದವು. ಅವರು ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಹಾಲು ಕಾಯಿಸಿಬಿಡುತ್ತಿದ್ದೆ. ಮೇಜಿನ ಮೇಲೆ ತಟ್ಟೆಯಿಟ್ಟು ಊಟ ಮಾಡಲು ಜಾಗ ಬೇಕಾದಷ್ಟು ಸಿಕ್ಕಿತು, ಊಟ ಮಾತ್ರ ಸೇರುತ್ತಿರಲಿಲ್ಲ. ಎರಡು ತಿಂಗಳು ಹಾಗೇ ಕಳೆದು, ಒಂದು ದಿನ ನನಗೇ ಒಂದು ಜೆಟ್ಟಿನ ಫೋಮ್ ಕಿಟ್ಟು ತರಿಸಿದೆ, ಚಿಕ್ಕದು, ಕೈಯಿಂದ ಎಸೆದು ಹಾರಿಸುವಂಥದ್ದು. ಹದಿನೇಳು ಸಲ ಮಾಡಿದ ಕೆಲಸ ಹದಿನೆಂಟನೇ ಸಲಕ್ಕೆ ಒಂದು ವಾರವೂ ಹಿಡಿಯಲಿಲ್ಲ. ಹಾರಿಸುವುದನ್ನು ಕಲಿಯಲು ಮಾತ್ರ ಐದು ತಿಂಗಳು ಬೇಕಾಯಿತು. ಹಾರಿಸುವುದನ್ನು ಕಲಿಸುವ ಕಂಪ್ಯೂಟರಿನ ಆಟದಲ್ಲಿ ಎಷ್ಟು ವಿಮಾನಗಳನ್ನು ನೆಲಕ್ಕೆ ಬಡಿದೆನೋ ಲೆಕ್ಕವಿಲ್ಲ. ವಿಮಾನ ನನ್ನ ಕಡೆ ಮುಖ ಮಾಡಿ ಬರುವಾಗ ಎಡ ಬಲವಾಗುತ್ತದೆ. ಅದು ಕೈಗೆ ಹತ್ತಲು ಬಹಳ ದಿನ ಬೇಕು.

ಒಂದು ಬುಧವಾರ ರಜೆ ಹಾಕಿ ಅದೇ ಲೇಔಟಿಗೆ ಹೋದೆ. ಬುಧವಾರ ಅಲ್ಲಿ ಯಾರೂ ಇರುವುದಿಲ್ಲ ಎಂದೇ ಆ ದಿನ. ಎಡಗೈಯಲ್ಲಿ ರಿಮೋಟು ಹಿಡಿದು, ಹೆಬ್ಬೆರಳಿನಿಂದ ಪೂರ್ತಿ ವೇಗ ಕೊಟ್ಟು, ಬಲಗೈಯಿಂದ ಎಸೆದು, ತಕ್ಷಣ ಆ ಕೈಯನ್ನೂ ರಿಮೋಟಿಗೆ ತರಬೇಕು. ಬೇರೆಯವರಿಗೆ ಎಸೆದುಕೊಡಲು ಒಬ್ಬ ಜೊತೆಗಾರ ಇರುತ್ತಾನೆ. ನಾಲ್ಕು ಸಲ ಹುಲ್ಲಿಗೆ ಬಿತ್ತು. ಮೂತಿ ಒಡೆಯಿತು, ಟೇಪು ಸುತ್ತಿದೆ. ಐದನೇ ಸಲ ಅದು ನೆಲದ ಹತ್ತಿರ ಇಳಿಯುತ್ತಾ ಇಳಿಯುತ್ತಾ ಹೋಗಿ, ಗಾಳಿ ಹಿಡಿದು, ಮೇಲಕ್ಕೆದ್ದಿತು.

ಮೂರು ಸುತ್ತು ಹಾಕಿಸಿದೆ. ಫ್ಯಾನು ಎಲ್ಲೂ ನಡುಗಲಿಲ್ಲ. ಇಳಿಸುವಾಗ ಡಾಂಬರಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಬಂದು ಚರಂಡಿಯ ಅಂಚಿನಲ್ಲಿ ನಿಂತಿತು. ಓಡಿಹೋಗಿ ಎತ್ತಿಕೊಂಡೆ. ಯಾರಿಗೋ ಹೇಳಬೇಕೆಂದು ತಿರುಗಿದರೆ ಖಾಲಿ ಸೈಟುಗಳು. ಆಚೆ ರಸ್ತೆಯಲ್ಲಿ ನಾಲ್ಕಾರು ಆಡು ಹೊಡೆದುಕೊಂಡು ಬಂದಿದ್ದ ಒಬ್ಬ ಹೆಂಗಸು ನಿಂತಿದ್ದಳು, ನನ್ನದೇ ವಯಸ್ಸಿನವಳು. ಹತ್ತಿರ ಬಂದಳು.

"ಒಳ್ಗೆ ಯಾರೂ ಇಲ್ವಾ?"

"ಯಾರೂ ಇಲ್ಲ."

"ಮತ್ಯಾರ್ಗೆ ಅಂತ ಆರಿಸ್ತೀಯವ್ವ?"

"ಸುಮ್ನೆ. ನನಗೇ."

ಅವಳು ಬಗ್ಗಿ ಹಿಂದಿನ ಕೊಳವೆಯೊಳಗೆ ಕಣ್ಣಿಟ್ಟು ನೋಡಿದಳು. "ಅಂಗಾರೆ ಇನ್ನೊಂದ್ ಕಿತ ಆರ್ಸು, ನಾನೂ ನೋಡ್ತೀನಿ. ಆಗ್ಲೆ ಮರ ಅಡ್ಡ ಬಂದ್ಬಿಡ್ತು."

ಬ್ಯಾಟರಿ ಮುಗಿದಿತ್ತು. ಬೇರೆ ತಂದಿರಲಿಲ್ಲ. ಹಾಗೆಂದು ಹೇಳಿದೆ. "ಓಗ್ಲಿ ಬುಡು," ಎಂದು ಅವಳು ಆಡುಗಳ ಹಿಂದೆ ಹೋದಳು.

ಮರುವಾರವೇ ಇನ್ನೊಂದು ಬ್ಯಾಟರಿ ಕೊಂಡೆ. ಆಮೇಲೆ ನಾಲ್ಕು ಬುಧವಾರ ಹೋಗಿದ್ದೇನೆ. ಮೊದಲ ಬ್ಯಾಟರಿ ಮುಗಿದ ಮೇಲೆ ಸ್ವಲ್ಪ ಹೊತ್ತು ಆ ರಸ್ತೆಯ ಕಡೆ ನೋಡುತ್ತಾ ಕೂರುತ್ತೇನೆ. ಅವಳು ಬಂದಿಲ್ಲ. ಆಮೇಲೆ ಎರಡನೆಯದನ್ನು ಹಾಕಿ, ಎದ್ದು ನಿಂತು ಎಸೆಯುತ್ತೇನೆ.